ಅಂಗಳದ ಕೆಂಪು ಸೀರೆ

ಹಾಲಿನ ಪುಡಿಯ ಡಬ್ಬಿ ತೆರೆದರೆ ಈಗಲೂ ನನ್ನ ಬಾಯಿಯ ಮೇಲೆ ಅತ್ತೆಯ ಅಂಗೈ ಬಂದು ಕೂರುತ್ತದೆ.

ಆ ವರ್ಷ ವಿದೇಶದ ಸೇವಾಸಂಘವೊಂದರವರು ನಮ್ಮೂರು ಆಲಂಕಾರಿನ ಶಾಲೆಗೆ ಬಾವಿ ತೋಡಲು ಬಂದಿದ್ದರು. ಅವರು ಹಂಚಿದ ಹಾಲಿನ ಪುಡಿಯನ್ನು, ಪರಜಾತಿಯವರು ಮುಟ್ಟಿದ್ದೆಂದು, ಅಜ್ಜ ಮನೆಯೊಳಗೆ ತರಲು ಬಿಡುತ್ತಿರಲಿಲ್ಲ. ನಾನು ಕಾಗದದಲ್ಲಿ ಕಟ್ಟಿ ತಂದು ಅತ್ತೆಯ ಕೋಣೆ ಸೇರುತ್ತಿದ್ದೆ. ಅತ್ತೆ ಅಪ್ಪನ ತಂಗಿ. ಗಂಡ ತೀರಿಹೋದ ಮೇಲೆ ಅವಳ ತಲೆ ಬೋಳಿಸಿ, ವಿಧವೆಯರ ಕೆಂಪು ಸೀರೆ ಉಡಿಸಿದ್ದರು. ಹೊರಗಿನವರ ಕಣ್ಣಿಗೆ ಅವಳು ಬೀಳಬಾರದಿತ್ತು.

ಒಂದು ಮಧ್ಯಾಹ್ನ ನಾವಿಬ್ಬರೂ ಪುಡಿ ನೆಕ್ಕುತ್ತಿದ್ದಾಗ ಜಗಲಿಯಲ್ಲಿ ಸಂಘದ ಬಿಳಿ ಹುಡುಗಿಯ ದನಿ ಕೇಳಿಸಿತು. ಬಾಗಿಲ ಸಂದಿಯಿಂದ ನೋಡಿದೆವು. ಅತ್ತೆಯದೇ ಪ್ರಾಯ, ಫ್ರಾಕಿನ ತುಂಬ ಬಾವಿಯ ಕೆಸರು.

"ಹೊಲಿಗೆ ಕಲಿಸುದು ಉಂಟು. ಮನೆಯ ಹೆಂಗಸರನ್ನು ಎಲ್ಲ ಕಳಿಸಿ," ಎಂದಳು, ಇಲ್ಲೇ ಕಲಿತ ಕನ್ನಡದಲ್ಲಿ.

"ಇಲ್ಲಿ ಸೊಸೆ ಒಬ್ಬಳೇ ಇರುದು. ಅವಳಿಗೆ ಪುರುಸೊತ್ತು ಎಲ್ಲಿ ಉಂಟು ಮಾರಾಯ್ತಿ?" ಎಂದರು ಅಜ್ಜ.

ಹುಡುಗಿ ಅಂಗಳದ ಹಗ್ಗದತ್ತ ಕೈ ತೋರಿಸಿದಳು. "ಆ ಕೆಂಪು ಸೀರೆ ಯಾರದ್ದು? ಎಷ್ಟು ಚಂದ ಉಂಟು! ನನಗೂ ಅಂಥದ್ದೇ ಬೇಕು."

ಅತ್ತೆಯದ್ದು ಎನ್ನಲು ನಾನು ಬಾಯಿ ತೆರೆದೆ. ಪುಡಿ ಮೆತ್ತಿದ ಅಂಗೈಯಿಂದ ಅತ್ತೆ ನನ್ನ ಬಾಯಿ ಒತ್ತಿ ಹಿಡಿದಳು. ನನಗೆ ಉಸಿರು ಕಟ್ಟಿದರೂ ಬಿಡಲಿಲ್ಲ.

ಹುಡುಗಿ ಹೋದ ಮೇಲೆ ಅಜ್ಜ ಅಮ್ಮನನ್ನು ಕರೆದರು. "ಇನ್ನು ಅದನ್ನು ಒಳಗೇ ಒಣಗಿಸ್ಲಿಕ್ಕೆ ಹೇಳು."

ಮರುದಿನದಿಂದ ಅತ್ತೆಯ ಕೋಣೆಗಿದ್ದ ಒಂದೇ ಕಿಟಕಿಗೆ ಅಡ್ಡವಾಗಿ ಒದ್ದೆ ಸೀರೆ ನೇತಾಡತೊಡಗಿತು.