ಹಿರಿಯರ ಒಪ್ಪಿಗೆ

ಕಾಡಿನಲ್ಲಿ ಗಣಿ ತೆಗೆಯಲು ಕೇಂದ್ರ, ರಾಜ್ಯ ಎರಡೂ ಸರ್ಕಾರಗಳು ಆದಿವಾಸಿ ಹಾಡಿಗಳ ಜನರೊಡನೆ ಒಪ್ಪಂದಕ್ಕೆ ಕೂತಿದ್ದವು. ಹಾಡಿಗಳ ಪರವಾಗಿ ಬಂದಿದ್ದ ಮಾಸ್ತಮ್ಮನದು ಒಂದೇ ಷರತ್ತು: ಅವಳ ಕುಲದ ಹಿರಿಯರು ಇರುವಲ್ಲಿಗೇ ಹೋಗಿ, ಅವರೆದುರು ನಿಂತು ಒಪ್ಪಿಗೆ ಕೇಳುವವರೆಗೆ ಯಾರೂ ಮಣ್ಣು ಮುಟ್ಟಬಾರದು.

"ಇಷ್ಟೇನಾ?" ಎಂದು ನಕ್ಕು ಕಾರ್ಯದರ್ಶಿ ಸಹಿ ಹಾಕಿದರು. ಮಂತ್ರಿಗಳೂ ಹಾಕಿದರು. ಅಲ್ಲಿಯವರೆಗೆ ಸಿಟ್ಟು ನುಂಗಿಕೊಂಡು ಕೂತಿದ್ದ ಮಾಸ್ತಮ್ಮ ಕೊನೆಯಲ್ಲಿ ಹೆಬ್ಬೆಟ್ಟು ಒತ್ತಿದಳು.

"ಈಗಲೇ ಹೋಗಿಬರೋಣಮ್ಮ, ಜೀಪು ಹೊರಗೇ ಇದೆ. ಎಲ್ಲಿದ್ದಾರೆ ನಿಮ್ಮ ಹಿರಿಯರು?" ಎಂದರು ಕಾರ್ಯದರ್ಶಿ.

"ಜೀಪು ಹೋಗದಿಲ್ಲ ಸ್ವಾಮಿ. ನಮ್ಮನ್ನ ಹೊಡೆದೋಡಿಸಿ ಅಣೆಕಟ್ಟು ಕಟ್ಟಿದ್ರಲ್ಲ, ಅವರ ಸಮಾಧಿಯೆಲ್ಲ ಆ ನೀರಿನಡೀಲವೆ."

"ಹಾಗಾದ್ರೆ?"

"ಮೊದ್ಲು ಕಟ್ಟೆ ಒಡೀರಿ."