ತೊಳೆದಿಟ್ಟ ಲೇಖನಿ

ಕೊನೆಯ ಸಾಲಿನ ನಡುವೆ ಮುದುಕ ಬರೆಯುವುದನ್ನು ನಿಲ್ಲಿಸಿದ. ಅವನು ನಕಲು ಮಾಡುತ್ತಿದ್ದ ಯೆಹೂದಿ ಧರ್ಮಗ್ರಂಥದ ಸುರುಳಿಯಲ್ಲಿ, ಜನರನ್ನು ಮುನ್ನಡೆಸಿ ತಂದ ಮೋಶೆ ಸತ್ತಾಗಿತ್ತು. ದೇವರು ಪೂರ್ವಜರಿಗೆ ಮಾತು ಕೊಟ್ಟ ನಾಡನ್ನು ಮೋಶೆ ಬೆಟ್ಟದ ಮೇಲಿಂದ ಕಣ್ತುಂಬ ನೋಡಿದ್ದ, ಕಾಲಿಟ್ಟಿರಲಿಲ್ಲ.

"ಇನ್ನು ನಾಲ್ಕೇ ಪದ ಅಪ್ಪಾ, ಮುಗಿಸಿಬಿಡು" ಎಂದಳು, ತೊಗಲ ಹಾಳೆಗಳ ತಪ್ಪು ನೋಡುತ್ತಿದ್ದ ಮಗಳು.

"ನೀನೇ ಬರಿ."

"ನಾನಾ? ನನ್ನಕ್ಷರ ಕೋಳಿ ಕೆದಕಿದ ಹಾಗಿದೆ!"

ಅವನು ನಕ್ಕ. ಒಂದು ಕಾಲಕ್ಕೆ ಅವನೂ ಈ ಕಸುಬಿನ ಕಡೆ ತಲೆ ಹಾಕಿಯೂ ಮಲಗಿದವನಲ್ಲ. ಈ ಸುರುಳಿಯನ್ನು ಶುರುಮಾಡಿದ ಅವನಪ್ಪ, ಮಕ್ಕಳಿಲ್ಲದ ಅಬ್ರಹಾಮನಿಗೆ ದೇವರು ನಕ್ಷತ್ರಗಳಷ್ಟು ಸಂತಾನದ ಮಾತು ಕೊಡುವ ಸಾಲನ್ನು ಅರ್ಧ ಬರೆದು ತೀರಿಕೊಂಡಿದ್ದ. ಅಷ್ಟು ಮುಗಿಸಲೂ ಸಾವು ಬಿಡಲಿಲ್ಲವಲ್ಲ ಎಂದು ಅತ್ತು, ಆ ಅರ್ಧ ಸಾಲಿಗೆಂದು ಕೂತ ಮಗ ನಲವತ್ತು ವರ್ಷ ಎದ್ದಿರಲಿಲ್ಲ.

ಈಗ ಅವನು ಗರಿಯ ಲೇಖನಿಯನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಪೆಟ್ಟಿಗೆಯಲ್ಲಿಟ್ಟ. ಇಟ್ಟ ಕೈ ಅಲ್ಲೇ ನಿಂತಿತು. ಅಂದು ಅಪ್ಪನ ಲೇಖನಿಯೂ ಹೀಗೇ, ತೊಳೆದು ಒರೆಸಿ, ಇದೇ ಪೆಟ್ಟಿಗೆಯಲ್ಲಿತ್ತು. ಬರೆಯುತ್ತಲೇ ಸತ್ತವನು ಲೇಖನಿ ತೊಳೆದಿಡುತ್ತಾನೆಯೇ?

"ಏನಾಯ್ತಪ್ಪಾ?"

"ನಿಮ್ಮಜ್ಜ ಭಾರಿ ಘಾಟಿ ಮುದುಕ ಕಣೇ" ಎಂದು ಕಣ್ಣೊರೆಸಿಕೊಂಡು, ಪೆಟ್ಟಿಗೆಯನ್ನು ಮಗಳ ಕಡೆ ತಳ್ಳಿದ.