ಏಳನೇ ನಂಬರಿನ ಬ್ರೇಕು

ಚೀಟಿ ಬಿಚ್ಚಿದ ಅಹಲ್ಯಾ "ಏಳು" ಎಂದು ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಾಗ, ಪಕ್ಕದಲ್ಲಿ ನಿಂತಿದ್ದ ಪೂರ್ವಿ ತನ್ನ ಚೀಟಿಯನ್ನು ಬಿಚ್ಚದೆ ಮುಷ್ಟಿಯಲ್ಲಿ ಮುದುರಿಕೊಂಡಳು. ನಿನ್ನೆಯ ಅಭ್ಯಾಸದಲ್ಲಿ ಆ ಏಳನೇ ಬೈಕು ಬಂದದ್ದು ಅವಳಿಗೇ. ಮೂರು ಸುತ್ತು ಮುಗಿಯುವಷ್ಟರಲ್ಲಿ ಅದರ ಮುಂದಿನ ಬ್ರೇಕಿನ ಹಿಡಿ ಅದುಮಿದರೆ ಸುಮ್ಮನೆ ಹ್ಯಾಂಡಲಿಗೆ ಬಂದು ತಾಗುತ್ತಿತ್ತು. ಬಿಟ್ಟು ಇನ್ನೊಮ್ಮೆ ಹಿಡಿದರೆ ಮಾತ್ರ ಗಾಡಿ ನಿಲ್ಲುತ್ತಿತ್ತು.

ಹೆಂಗಸರಿಗೆಂದೇ ಇಟ್ಟಿದ್ದ ಬೈಕ್ ರೇಸಿನ ಚಾಂಪಿಯನ್‌ಶಿಪ್ ಅದು. ಕೋಲ್ಕತ್ತದ ಹೊರಗೆ ಹಾಳುಬಿದ್ದ ವಿಮಾನದ ರನ್‌ವೇ ಮೇಲೆ ಟೈರು ಜೋಡಿಸಿ ಟ್ರ್ಯಾಕ್ ಮಾಡಿದ್ದರು. ಎಂಟು ಜನ, ಒಂದೇ ಕಂಪನಿಯ ಎಂಟು ಬೈಕು. ಯಾರ ಗಾಡಿ ಚೆನ್ನಾಗಿತ್ತು ಎಂಬ ಜಗಳವೇ ಬೇಡವೆಂದು ದಿನಾ ಹೊಸದಾಗಿ ಚೀಟಿ ಎತ್ತುವುದು. ಗಾಡಿಯಿಂದ ಇಳಿದವರು ಅದರ ದೋಷವನ್ನು ಪುಸ್ತಕದಲ್ಲಿ ಬರೆಯಬೇಕು. ಬರೆದದ್ದನ್ನಷ್ಟೇ ಮೆಕ್ಯಾನಿಕ್ ಬಿಚ್ಚಿ ನೋಡುತ್ತಾನೆ. ಒಂದು ಗಾಡಿ ಕೆಟ್ಟು ಕೂತರೆ, ಅಭ್ಯಾಸದಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದವಳು ರೇಸು ಬಿಟ್ಟು ಕೂರಬೇಕು. ಹಿಂದೆ ಬಿದ್ದವಳು ಪೂರ್ವಿ.

ಸೆಕ್ಟರ್ ಫೈವ್‌ನ ಸಾಫ್ಟ್‌ವೇರ್ ಕಂಪನಿಯಲ್ಲಿ ಅವಳ ಕೆಲಸವೇ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಬರೆದಿಡುವುದು. ಒಂದು ಅಕ್ಷರ ಪಕ್ಕಕ್ಕೆ ಸರಿದಿದ್ದರೂ ಬಿಡುವವಳಲ್ಲ. ಅಂಥವಳು ಏಳನೇ ನಂಬರಿನ ಎದುರು 'ಎಲ್ಲ ಸರಿ' ಎಂದು ಬರೆದು ಸಹಿ ಹಾಕಿದ್ದಳು. ನಾಳೆ ನನಗೇ ಬಂದರೆ ಹೇಗೋ ಸಂಭಾಳಿಸುತ್ತೇನೆ ಅಂದುಕೊಂಡಿದ್ದಳು. ಬೇರೆಯವರಿಗೆ ಬಂದರೆ ಎಂಬ ಕಡೆಗೆ ಮನಸ್ಸನ್ನು ಹೋಗಗೊಟ್ಟಿರಲಿಲ್ಲ.

ಅಹಲ್ಯಾ ಬೇರೆಯವಳೂ ಅಲ್ಲ. ಖಿದಿರ್‌ಪುರದಾಚೆಯ ರೈಲ್ವೆ ಕ್ವಾರ್ಟರ್ಸಿನ ಹುಡುಗಿ. ತಾಯಿ ತಂದೆ ಧಾರವಾಡದವರು, ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಬೆಂಗಳೂರಿನಿಂದ ಬಂದು ಒಬ್ಬಳೇ ಇದ್ದ ಪೂರ್ವಿಯನ್ನು ಮೊದಲ ದಿನವೇ 'ಪೂರ್ವಿದಿ' ಎಂದು ಬಂಗಾಳಿಗಳ ಹಾಗೆ ಅಕ್ಕನನ್ನಾಗಿ ಮಾಡಿಕೊಂಡಿದ್ದಳು. ಎಷ್ಟೋ ಭಾನುವಾರದ ಊಟ ಅವರ ಮನೆಯಲ್ಲೇ ಆಗಿತ್ತು.

ಹೇಳಿಬಿಡೋಣವೆಂದೇ ಪೂರ್ವಿ ಅವಳ ಹತ್ತಿರ ಹೋದದ್ದು. ಆದರೆ ಬಾಯಿಂದ ಬಂದದ್ದು ಅರ್ಧ ಮಾತಷ್ಟೇ.

"ತಿರುವಿಗೆ ಮುಂಚೆ ಬ್ರೇಕು ಎರಡು ಸಲ ಹಿಡಿ, ಆಯ್ತಾ?"

"ಯಾಕ, ಪೂರ್ವಿದಿ? ಕುಛ್ ಗಡಬಡ ಐತೇನು?"

"ಇಲ್ಲ ಇಲ್ಲ. ಸುಮ್ನೆ. ಒಳ್ಳೇ ಅಭ್ಯಾಸ ಅದು."

ರೇಸಿನಲ್ಲಿ ಅಹಲ್ಯಾ ಹಾಗೇ ಮಾಡಿದಳು. ಹಿಂದಿದ್ದ ಪೂರ್ವಿಗೆ ಕಾಣುತ್ತಿತ್ತು, ಒಂದೊಂದು ತಿರುವಿನಲ್ಲೂ ಅವಳ ಬ್ರೇಕಿನ ದೀಪ ಎರಡು ಸಲ ಮಿನುಗುತ್ತಿತ್ತು. ಐದನೇ ಸುತ್ತಿನಲ್ಲಿ ಯಾರೋ ಎಡದಿಂದ ನುಗ್ಗಿದರು. ಗಾಬರಿಯಲ್ಲಿ ಅಹಲ್ಯಾಳ ಕೈ ತನ್ನ ಹಳೇ ಅಭ್ಯಾಸಕ್ಕೇ ಹೋಯಿತು. ದೀಪ ಒಂದೇ ಸಲ ಹತ್ತಿತು. ಏಳನೇ ನಂಬರು ತಿರುಗದೆ ನೆಟ್ಟಗೆ ಟೈರಿನ ಗೋಡೆಗೆ ಹೋಗಿ ಬಡಿಯಿತು. ಪೂರ್ವಿ ಪಕ್ಕದಲ್ಲೇ ದಾಟಿಕೊಂಡು ಹೋದಳು. ನಿಲ್ಲಲಿಲ್ಲ. ಅವತ್ತು ಅವಳಿಗೆ ಐದನೇ ಸ್ಥಾನ. ಮುಂದಿನ ಹಂತಕ್ಕೆ ಹೋಗಲು ಅಷ್ಟೇ ಸಾಕಾಗಿತ್ತು.

ಪ್ರಥಮ ಚಿಕಿತ್ಸೆಯ ಡೇರೆಯಲ್ಲಿ ಅಹಲ್ಯಾಳ ತೋಳನ್ನು ಎದೆಗೆ ಬಿಗಿದು ಕಟ್ಟಿದ್ದರು. ಹೆಗಲಿನ ಕಾಲರ್ ಬೋನ್ ಮುರಿದಿತ್ತು. ಅವಳಮ್ಮ ಸಾವಿತ್ರಿ ಚಹಾ ತರಲು ಹೊರಗೆ ಹೋದದ್ದೇ ತಡ, ಪೂರ್ವಿ ಮಂಚದ ಪಕ್ಕ ಕುಕ್ಕರಿಸಿದಳು. ಬ್ರೇಕಿನ ವಿಷಯ, ಪುಸ್ತಕದ ವಿಷಯ, ತಾನು ಕೂರಬೇಕಾಗಿ ಬರುತ್ತಿದ್ದ ವಿಷಯ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಅಹಲ್ಯಾ ಡೇರೆಯ ಸೂರನ್ನೇ ನೋಡುತ್ತ ಕೇಳಿಸಿಕೊಂಡಳು.

"ಅವ್ವಗ ಹೇಳಬ್ಯಾಡ," ಎಂದಳು ಕೊನೆಗೆ. "ನಂದ ಮಿಸ್ಟೇಕ್ ಅಂದ್ರ ಬೈತಾಳ, ಮತ್ತ ಕಳಸ್ತಾಳ. ಗಾಡಿ ಧೋಕಾ ಕೊಡ್ತು ಅಂತ ಗೊತ್ತಾದ್ರ ಮುಗೀತು. ನನ್ನ ಎಂದೂ ಹತ್ತಗೊಡಂಗಿಲ್ಲ."

ಪೂರ್ವಿ ಏನೋ ಹೇಳಲು ಹೋಗುವಷ್ಟರಲ್ಲಿ ಸಾವಿತ್ರಿ ಮಣ್ಣಿನ ಕುಡಿಕೆಗಳನ್ನು ಸೆರಗಿನಲ್ಲಿ ಹಿಡಿದುಕೊಂಡು ಒಳಗೆ ಬಂದರು. ಮೊದಲ ಕುಡಿಕೆಯನ್ನು ಮಗಳಿಗೆ ಕೊಡದೆ ಪೂರ್ವಿಯ ಕೈಗಿಟ್ಟರು. ಅವಳು ಹೆದರಿದ್ದಾಳೆಂದು ತಿಳಿದು, ತಲೆ ಸವರಿದರು.

"ನೀ ಹಿಂದ ಇದ್ದಿ. ಖರೇ ಹೇಳವಾ, ತಪ್ಪು ಗಾಡೀದೋ, ಇಕೀದೋ?"

ಪೂರ್ವಿ ಕುಡಿಕೆಯನ್ನು ಕೆಳಗಿಟ್ಟಳು.

"ಇವಳದೇ ಅಮ್ಮಾ," ಎಂದಳು. "ಬ್ರೇಕು ಹಿಡಿಯೋದು ತಡ ಮಾಡಿದಳು."

ಅನ್ನುವುದೇ ತಡ, ಸಾವಿತ್ರಿ ಮಗಳ ಕಡೆ ತಿರುಗಿದರು. ಎಷ್ಟು ಹೇಳಿದರೂ ಲಕ್ಷ್ಯವಿಲ್ಲ, ಈ ಪೂರ್ವಿಯಂತೆ ನಿಧಾನ ಕಲಿಯಬಾರದೇ, ಇವಳ ಕಾಲು ತೊಳೆದ ನೀರಾದರೂ ಕುಡಿ ಎಂದು ಒಂದೇ ಸಮನೆ ಬೈಯತೊಡಗಿದರು. ಅಹಲ್ಯಾ ಹೂಂ, ಹೂಂ ಎಂದು ಒಪ್ಪಿಕೊಳ್ಳುತ್ತಲೇ ಇದ್ದಳು. ಅವ್ವನನ್ನು ನೋಡಿದಳು, ನರ್ಸನ್ನು ನೋಡಿದಳು, ಡೇರೆಯ ಬಾಗಿಲನ್ನು ನೋಡಿದಳು. ಪೂರ್ವಿಯ ಕಡೆ ಮಾತ್ರ ನೋಡಲಿಲ್ಲ.